ಮದ್ರಾಸಿನ ಮುತ್ತುಲಕ್ಷ್ಮಿ ನಮ್ಮವರೂ ಹೌದು

ಬಂಡಳ್ಳಿಯವನಾದ ನನಗೆ ಡಾ. ಮುತ್ತುಲಕ್ಷ್ಮಿ ರೆಡ್ಡಿ (1886–1968) ಹೊರಗಿನವರಲ್ಲ. 1956ರವರೆಗೆ ಕೊಳ್ಳೇಗಾಲ ಸೀಮೆ ಮದ್ರಾಸಿಗೇ ಸೇರಿತ್ತು. ದೇವದಾಸಿ ಮನೆತನದ ತಾಯಿಯ ಮಗಳು 1912ರಲ್ಲಿ ಡಾಕ್ಟರಾದರು, 1927ರಲ್ಲಿ ಮದ್ರಾಸ್ ಶಾಸನಸಭೆ ಹೊಕ್ಕು ದೇವದಾಸಿ ಪದ್ಧತಿಯ ವಿರುದ್ಧ ಮಸೂದೆ ತಂದರು. ಇಷ್ಟನ್ನ ಎಲ್ಲರೂ ಹೇಳ್ತಾರೆ. ತಂಗಿ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದನ್ನು ಅವರು ಮರೆಯಲಿಲ್ಲ ಅನ್ನೋದನ್ನ ಕಡಿಮೆ ಹೇಳ್ತಾರೆ. ಸಾಯೋ ರೋಗಕ್ಕೆ ಆಸ್ಪತ್ರೆ ಯಾಕೆ ಅಂದವರ ನಡುವೆಯೇ ವರ್ಷಗಟ್ಟಲೆ ಹಣ ಕೂಡಿಸಿ, 1954ರಲ್ಲಿ ಅಡ್ಯಾರಿನಲ್ಲಿ 12 ಹಾಸಿಗೆಯ ಕ್ಯಾನ್ಸರ್ ಆಸ್ಪತ್ರೆ ತೆರೆದರು.

ಸ್ತನದ ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯೋದಿಲ್ಲ. ಆಗಲೇ ತೋರಿಸಿದರೆ ವಾಸಿಯಾಗುವ ಸಾಧ್ಯತೆ ಹೆಚ್ಚು. ನಮ್ಮಜ್ಜಿ ಎರಡು ವರ್ಷ ಅದನ್ನ ಸೆರಗಿನಡಿ ಮುಚ್ಚಿಟ್ಟಳು. ನೋವಿಲ್ಲವಲ್ಲ ಅಂತ, ಜೊತೆಗೆ ನಾಚಿಕೆ. ಡಾಕ್ಟರಿಗೆ ತೋರಿಸಿದ್ದು ಗಂಟು ಹುಣ್ಣಾಗಿ ಒಡೆದ ಮೇಲೆ.