ಗೇಜಿನ ಗೊಂದಲ ಮತ್ತು ಜೋಸೆಫ್ ವಿಟ್‌ವರ್ತ್

ಬೋಧನಾ ಅಭ್ಯಾಸಕ್ಕೆ ನನ್ನನ್ನು ಹಾಕಿದ್ದು ಮದ್ದೂರು ತಾಲ್ಲೂಕಿನ ಒಂದು ಪ್ರೌಢಶಾಲೆಗೆ. ಹತ್ತನೇ ತರಗತಿಗೆ ವಿದ್ಯುತ್ ಪಾಠ. ತಂತಿ ದಪ್ಪವಾದರೆ ರೋಧ ಕಡಿಮೆ, ತೆಳುವಾದರೆ ಹೆಚ್ಚು ಎಂಬಲ್ಲಿಗೆ ಬಂದಾಗ ಒಬ್ಬ ಹುಡುಗ ಗೇಜ್ ಎಂದರೇನು ಎಂದು ಕೇಳಿದ. ಗೇಜ್ ಎಂದರೆ ದಪ್ಪ, ನಂಬರು ಹೆಚ್ಚಾದಷ್ಟೂ ತಂತಿ ದಪ್ಪ ಎಂದು ಧೈರ್ಯವಾಗಿ ಹೇಳಿಬಿಟ್ಟೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಇಲ್ಲವೆಂದು ತಲೆಯಾಡಿಸಿದಳು. ಅವಳ ಅಪ್ಪ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವವರು. 22 ಗೇಜಿನ ತಂತಿ 16 ಗೇಜಿನದಕ್ಕಿಂತ ತೆಳು ಎಂಬುದು ಅವಳಿಗೆ ಮುಟ್ಟಿಯೇ ಗೊತ್ತಿತ್ತು. ನಾನು ಅವಳನ್ನು ಕೂರಿಸಿ ಪಾಠ ಮುಂದುವರಿಸಿದೆ. ಪಾಠ ನೋಡುತ್ತಿದ್ದ ನಮ್ಮ ಉಪನ್ಯಾಸಕರು ಏನೂ ಹೇಳದೆ ವೀಕ್ಷಣಾ ಪುಸ್ತಕದಲ್ಲಿ ಏನೋ ಬರೆದುಕೊಂಡರು.

ತಪ್ಪನ್ನು ತಿದ್ದಿಕೊಳ್ಳಲು ಓದುತ್ತಾ ಹೋದಾಗ ಸಿಕ್ಕಿದವರು ಜೋಸೆಫ್ ವಿಟ್‌ವರ್ತ್. ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ 1803ರ ಡಿಸೆಂಬರ್ 21ರಂದು ಹುಟ್ಟಿದರು. ತಂದೆ ಶಾಲಾ ಮೇಷ್ಟ್ರು, ಆಮೇಲೆ ಪಾದ್ರಿಯೂ ಆದರು. ತಾಯಿ ಬೇಗ ತೀರಿಕೊಂಡರು. ಹದಿನಾಲ್ಕನೇ ವಯಸ್ಸಿಗೆ ಹುಡುಗನನ್ನು ಹತ್ತಿ ಗಿರಣಿಯಿದ್ದ ಬಂಧುವಿನ ಬಳಿ ಕೆಲಸ ಕಲಿಯಲು ಬಿಟ್ಟರು. ಅವನಿಗೆ ನೂಲಿಗಿಂತ ಯಂತ್ರಗಳ ಮೇಲೆಯೇ ಕಣ್ಣು. ಕೆಲವು ವರ್ಷಗಳ ನಂತರ ಗಿರಣಿ ಬಿಟ್ಟು ಮ್ಯಾಂಚೆಸ್ಟರಿನಲ್ಲಿ ಮೆಕ್ಯಾನಿಕ್ ಆದನು. 1825ರಲ್ಲಿ ಮದುವೆಯಾಗಿ ಲಂಡನ್ನಿಗೆ ಹೋಗಿ, ಹೆಸರಾಂತ ಹೆನ್ರಿ ಮಾಡ್ಸ್‌ಲೇ ಅವರ ಕಾರ್ಖಾನೆಯಲ್ಲಿ ಕೂಲಿಗೆ ನಿಂತನು.

ಅವರು ಅಲ್ಲಿ ಹಿಡಿದ ಕೆಲಸ ಕೇಳಲು ಸಣ್ಣದು: ಒಂದು ಲೋಹದ ಹಲಗೆಯನ್ನು ನಿಜಕ್ಕೂ ಸಪಾಟು ಮಾಡುವುದು. ಎರಡು ಹಲಗೆಗಳನ್ನು ಒಂದಕ್ಕೊಂದು ಹೊಂದಿಸಿದರೆ ಸಾಲದು. ಒಂದು ಸ್ವಲ್ಪ ಉಬ್ಬಿ, ಇನ್ನೊಂದು ಅಷ್ಟೇ ತಗ್ಗಿದ್ದರೂ ಎರಡೂ ಸರಿಯಾಗಿ ಕೂರುತ್ತವೆ, ಸಪಾಟೆಂದು ಮೋಸ ಮಾಡುತ್ತವೆ. ಅದಕ್ಕೆ ಮೂರು ಹಲಗೆ ಬೇಕು. ಪ್ರತಿಯೊಂದನ್ನೂ ಉಳಿದೆರಡರ ಜೊತೆ ಹೋಲಿಸಿ, ಬಣ್ಣ ಹಚ್ಚಿ, ಬಣ್ಣ ತಾಗಿದ ಉಬ್ಬುಗಳನ್ನು ಕೆರೆಯುತ್ತಾ ಹೋಗಬೇಕು. ಮೂರೂ ಪರಸ್ಪರ ಹೊಂದಿದಾಗ ಮಾತ್ರ ಅವು ಸಪಾಟು. ಇದನ್ನು ಮೂರು ಅಟ್ಟೆಗಳಿಂದ ತರಗತಿಯಲ್ಲಿ ತೋರಿಸಬಹುದು; ನಾನು ತೋರಿಸಿದೆ, ಮಕ್ಕಳಿಗೆ ತುಂಬ ಇಷ್ಟವಾಯಿತು.

1833ರಲ್ಲಿ ಮ್ಯಾಂಚೆಸ್ಟರಿಗೆ ಮರಳಿ ಸ್ವಂತ ಕಾರ್ಖಾನೆ ಶುರುಮಾಡಿದರು. ಆಗ ಒಂದು ಕಾರ್ಖಾನೆಯ ಬೋಲ್ಟಿಗೆ ಇನ್ನೊಂದರ ನಟ್ಟು ಹಿಡಿಯುತ್ತಿರಲಿಲ್ಲ. ವಿಟ್‌ವರ್ತ್ ಹಲವು ಕಾರ್ಖಾನೆಗಳ ಬೋಲ್ಟುಗಳನ್ನು ಕೂಡಿಸಿ, ಅಳೆದು, ಸರಾಸರಿ ತೆಗೆದು 1841ರಲ್ಲಿ 55 ಡಿಗ್ರಿ ಕೋನದ ಒಂದೇ ಕ್ರಮದ ಮರೆಯನ್ನು ಸೂಚಿಸಿದರು. ಬ್ರಿಟನ್ನಿನ ರೈಲು ಕಂಪನಿಗಳು, ಕಾರ್ಖಾನೆಗಳು ಅದನ್ನು ಒಪ್ಪಿಕೊಂಡವು. ಅಂಗುಲದ ಹತ್ತು ಲಕ್ಷದಲ್ಲಿ ಒಂದು ಭಾಗದ ವ್ಯತ್ಯಾಸ ತೋರುವ ಅಳತೆಯ ಯಂತ್ರವನ್ನೂ ಮಾಡಿದರು. ಅದರ ತತ್ವ ನಮ್ಮ ಪ್ರಯೋಗಾಲಯದ ಸ್ಕ್ರೂ ಗೇಜಿನದೇ: ತಿರುಪನ್ನು ಸ್ವಲ್ಪ ತಿರುಗಿಸಿದರೆ ತುದಿ ಅತಿ ಸ್ವಲ್ಪ ಮುಂದೆ ಸರಿಯುತ್ತದೆ.

ತಂತಿಯ ಕಥೆ ಬೇರೆ. ತಂತಿ ಮಾಡುವವರು ದಪ್ಪ ಸರಳನ್ನು ರಂಧ್ರದ ಫಲಕದ ಮೂಲಕ ಮತ್ತೆ ಮತ್ತೆ ಎಳೆಯುತ್ತಾರೆ. ಎಳೆದ ಸಲವೆಲ್ಲ ತೆಳುವಾಗುತ್ತದೆ. ಎಷ್ಟನೇ ಎಳೆತವೋ ಅದೇ ನಂಬರು. ಹಾಗಾಗಿಯೇ ನಂಬರು ಏರಿದಂತೆ ತಂತಿ ತೆಳು. ಆ ಹುಡುಗಿಯ ತಲೆಯಾಡಿಸುವಿಕೆಗೆ ಕಾರಣ ಇದು. ತೊಂದರೆ ಎಂದರೆ ಬರ್ಮಿಂಗ್‌ಹ್ಯಾಮಿನ ನಂಬರು ಒಂದು, ಲ್ಯಾಂಕಶೈರಿನದು ಇನ್ನೊಂದು. 1857ರಲ್ಲಿ ವಿಟ್‌ವರ್ತ್ ಒಂದು ನೇರವಾದ ದಾರಿ ಹೇಳಿದರು: ಅಂಗುಲದ ಸಾವಿರದಲ್ಲಿ ಎಷ್ಟು ಭಾಗವೋ ಅದೇ ನಂಬರಾಗಲಿ. 64 ಎಂದರೆ 0.064 ಅಂಗುಲ. ನಂಬರು ಏರಿದರೆ ದಪ್ಪವೂ ಏರುತ್ತದೆ. ನಾನು ತರಗತಿಯಲ್ಲಿ ಹೇಳಿದ್ದು ಅವರ ಪಟ್ಟಿಯಲ್ಲಿ ಸರಿಯಾಗುತ್ತಿತ್ತು!

ಆದರೆ ಅದು ನಿಲ್ಲಲಿಲ್ಲ. 1883ರಲ್ಲಿ ಬ್ರಿಟಿಷ್ ಸರ್ಕಾರ ಗೊತ್ತುಮಾಡಿ 1884ರ ಮಾರ್ಚ್ 1ರಿಂದ ಜಾರಿಗೆ ತಂದ ಸ್ಟ್ಯಾಂಡರ್ಡ್ ವೈರ್ ಗೇಜ್, ಅಂದರೆ ಎಸ್‌ಡಬ್ಲ್ಯೂಜಿ, ಹಳೆಯ ತಲೆಕೆಳಗು ಕ್ರಮವನ್ನೇ ಉಳಿಸಿಕೊಂಡಿತು. ತಿರುಪಿನಲ್ಲಿ ಇದ್ದುದರ ಸರಾಸರಿ ತೆಗೆದರು, ಗೆದ್ದರು; ತಂತಿಯಲ್ಲಿ ಇದ್ದುದನ್ನು ತಳ್ಳಿಹಾಕಿದರು, ಸೋತರು ಎಂದು ನನಗನ್ನಿಸುತ್ತದೆ. ಎಸ್‌ಡಬ್ಲ್ಯೂಜಿಯಲ್ಲಿ 16 ಎಂದರೆ 0.064 ಅಂಗುಲ, 1.63 ಮಿ.ಮೀ.; 22 ಎಂದರೆ 0.028 ಅಂಗುಲ, 0.71 ಮಿ.ಮೀ. ವ್ಯಾಸ ಎರಡೂಕಾಲು ಪಟ್ಟಿಗಿಂತ ಸ್ವಲ್ಪ ಹೆಚ್ಚು ವ್ಯತ್ಯಾಸ. ರೋಧಕ್ಕೆ ಲೆಕ್ಕ ವ್ಯಾಸದ ವರ್ಗ, ಆದ್ದರಿಂದ ಅಷ್ಟೇ ಉದ್ದದ 22 ಗೇಜಿನ ತಾಮ್ರದ ತಂತಿಗೆ ಐದು ಪಟ್ಟಿಗೂ ಹೆಚ್ಚು ರೋಧ. ಅಮೆರಿಕದ ಪಟ್ಟಿಯಲ್ಲಿ ಅದೇ 16 ಎಂದರೆ 1.29 ಮಿ.ಮೀ. ತಗಡಿಗೂ ಬೇರೆ ಬೇರೆ ಪಟ್ಟಿಗಳಿವೆ. ಮಂಡ್ಯದ ಅಂಗಡಿಯಲ್ಲಿ ತಗಡು ಕೊಳ್ಳುವವರು ಗೇಜಿನ ಜೊತೆ ಮಿಲಿಮೀಟರನ್ನೂ ಕೇಳಿಕೊಳ್ಳುವುದು ಕ್ಷೇಮ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ಲೈನು ಎಳೆದರು. ಅಷ್ಟು ದೂರಕ್ಕೆ ತಂತಿ ತೆಳುವಾದರೆ ವಿದ್ಯುತ್ತು ದಾರಿಯಲ್ಲೇ ಶಾಖವಾಗಿ ಹೋಗುತ್ತದೆ, ದಪ್ಪವಾದರೆ ಲೋಹದ ಖರ್ಚು ಏರುತ್ತದೆ. ಈ ಉದಾಹರಣೆ ಮಕ್ಕಳಿಗೆ ತಟ್ಟನೆ ಹಿಡಿಯಿತು.

ವಿಟ್‌ವರ್ತ್ ಬಂದೂಕು, ಫಿರಂಗಿಗಳನ್ನೂ ಮಾಡಿದರು. ಆರು ಮೂಲೆಯ ಕೊಳವೆಯ ಅವರ ರೈಫಲ್ಲು ಅಮೆರಿಕದ ಅಂತರ್ಯುದ್ಧದಲ್ಲಿ ಬಳಕೆಯಾಯಿತು. ತರಗತಿಯಲ್ಲಿ ಇದನ್ನು ಬಿಟ್ಟೆ, ಇಲ್ಲಿ ಬಿಡುವುದು ಸರಿಯಲ್ಲ. 1868ರಲ್ಲಿ ಬಡ ಕೆಲಸಗಾರ ಹುಡುಗರೂ ಎಂಜಿನಿಯರಿಂಗ್ ಓದಲೆಂದು ದೊಡ್ಡ ಮೊತ್ತದ ವಿದ್ಯಾರ್ಥಿವೇತನ ಸ್ಥಾಪಿಸಿದರು; ಪುಸ್ತಕದ ಜ್ಞಾನದ ಜೊತೆ ಕೈಕೆಲಸದ ಪರೀಕ್ಷೆಯೂ ಇತ್ತು. 1887ರ ಜನವರಿ 22ರಂದು ಮಾಂಟೆ ಕಾರ್ಲೋದಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ; ಆಸ್ತಿಯ ಬಹುಪಾಲು ಶಿಕ್ಷಣ, ಸಾರ್ವಜನಿಕ ಕೆಲಸಗಳಿಗೆ ಹೋಯಿತು.

ಮುಂದಿನ ಪಾಠದಲ್ಲಿ ಪೀಠಿಕೆಗೂ ಮೊದಲು ನನ್ನ ತಪ್ಪನ್ನು ಕಪ್ಪುಹಲಗೆಯ ಮೇಲೆ ಬರೆದು ಹೊಡೆದುಹಾಕಿದೆ. ಆ ಹುಡುಗಿ ಅಂಗಡಿಯಿಂದ ನಾಲ್ಕು ತರದ ತಂತಿಯ ತುಂಡು ತಂದಿದ್ದಳು. ನಮ್ಮ ಕಾಲೇಜಿನ ಎರಡು ಸ್ಕ್ರೂ ಗೇಜುಗಳಲ್ಲಿ ಗುಂಪು ಗುಂಪಾಗಿ ಅಳೆದರು. 22 ಗೇಜಿಗೆ ಒಂದು ಗುಂಪಿಗೆ 0.71 ಬಂತು, ಇನ್ನೊಂದಕ್ಕೆ 0.76. ಎರಡನೆಯವರು ಶೂನ್ಯದೋಷ ನೋಡಿಲ್ಲವೆಂದು ನಾನು ಹೇಳಹೊರಟೆ. ಅಷ್ಟರಲ್ಲಿ ಅವಳು ಎದ್ದು ಬಂದು ತಂತಿಯ ಮೇಲಿನ ಇನಾಮಲ್ಲನ್ನು ಬ್ಲೇಡಿನಿಂದ ಕೆರೆದು ಮತ್ತೆ ಅಳೆಯಲು ಕೊಟ್ಟಳು.