ಸರ್ಪಗಂಧದಲ್ಲಿ ಬಿಪಿಗೆ ಮದ್ದು: ಜಗತ್ತಿಗೆ ತೋರಿಸಿಕೊಟ್ಟ ಮುಂಬೈ ವೈದ್ಯ ರುಸ್ತುಂ ವಕೀಲ್

ಇಂದು ಬಿಪಿ ಇದೆ ಎಂದರೆ ವೈದ್ಯರು ಬರೆದುಕೊಡಲು ಹತ್ತಾರು ಮಾತ್ರೆಗಳಿವೆ. 1940ರ ದಶಕದಲ್ಲಿ ಹಾಗಿರಲಿಲ್ಲ. ಉಪ್ಪು ಕಡಿಮೆ ಮಾಡಿ, ವಿಶ್ರಾಂತಿ ಪಡೆಯಿರಿ ಎನ್ನುವುದು ಬಿಟ್ಟರೆ ವೈದ್ಯರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಈ ಸ್ಥಿತಿ ಬದಲಾಗಲು ಕಾರಣರಾದವರಲ್ಲಿ ಮುಂಬೈನ ಹೃದ್ರೋಗ ತಜ್ಞ ಡಾ. ರುಸ್ತುಂ ಜಾಲ್ ವಕೀಲ್ ಪ್ರಮುಖರು.

1911ರಲ್ಲಿ ಜನಿಸಿದ ವಕೀಲ್, ಲಂಡನ್‌ನಲ್ಲಿ ವೈದ್ಯಕೀಯ ಓದಿ ಮುಂಬೈಗೆ ಮರಳಿದರು. ಅವರ ಗಮನ ಸೆಳೆದದ್ದು ಸರ್ಪಗಂಧದ ಬೇರು. ಹಾವು ಕಡಿತ, ನಿದ್ರಾಹೀನತೆ, ಮತಿವಿಕಾರಗಳಿಗೆ ನಾಟಿ ವೈದ್ಯರು ಇದನ್ನು ಮೊದಲಿನಿಂದಲೂ ಕೊಡುತ್ತಿದ್ದರು. ಇದು ರಕ್ತದೊತ್ತಡ ಇಳಿಸುತ್ತದೆ ಎಂದು ಕಲ್ಕತ್ತಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. ಆದರೆ ಹೊರ ದೇಶಗಳ ವೈದ್ಯರು ಅತ್ತ ಹೆಚ್ಚು ಗಮನ ಕೊಟ್ಟಿರಲಿಲ್ಲ.

ವಕೀಲ್ 50 ರೋಗಿಗಳಿಗೆ ಈ ಬೇರಿನ ಮಾತ್ರೆ ಕೊಟ್ಟು, ಬಿಪಿ ಅಳೆದು, ಫಲಿತಾಂಶವನ್ನು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಬಳಿಕ ಬೋಸ್ಟನ್‌ನ ರಾಬರ್ಟ್ ವಿಲ್ಕಿನ್ಸ್ ಇದನ್ನು ಪರೀಕ್ಷಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡ್‌ನ ಸಿಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ ರಿಸರ್ಪಿನ್ ಅನ್ನು ಬೇರ್ಪಡಿಸಿದರು.

ಬಿಪಿ ಇಳಿಯುವುದು ಹೇಗೆ?

ನಮ್ಮ ನರಗಳ ತುದಿಯಲ್ಲಿರುವ ಪುಟ್ಟ ಚೀಲಗಳಲ್ಲಿ ನಾರ್ ಅಡ್ರಿನಾಲಿನ್ ತುಂಬಿರುತ್ತದೆ. ಮೆದುಳಿನಿಂದ ಸಂದೇಶ ಬಂದಾಗ ಅದು ಹೊರಬಂದು ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಬಿಪಿ ಏರುತ್ತದೆ. ಆಂಜಿಯೊಟೆನ್ಸಿನ್ ಎಂಬ ಹಾರ್ಮೋನು ಹೆಚ್ಚಾದರೆ ಈ ಬಿಡುಗಡೆಯೂ ಹೆಚ್ಚುತ್ತದೆ. ರಿಸರ್ಪಿನ್ ಆ ಚೀಲಗಳು ತುಂಬದಂತೆ ತಡೆಯುತ್ತದೆ. ದಾಸ್ತಾನೇ ಇಲ್ಲದಿದ್ದರೆ ಬಿಡುಗಡೆ ಎಲ್ಲಿಂದ? ನಾಳಗಳು ಸಡಿಲಗೊಂಡು ಒತ್ತಡ ಇಳಿಯುತ್ತದೆ.

ಇದಕ್ಕೆ ಇನ್ನೊಂದು ಮುಖವೂ ಇತ್ತು. ರಿಸರ್ಪಿನ್ ಮೆದುಳಿನಲ್ಲಿರುವ ಸಿರೊಟೋನಿನ್, ಡೋಪಮಿನ್‌ಗಳನ್ನೂ ಬರಿದು ಮಾಡುತ್ತಿತ್ತು. ಇದರಿಂದ ಉದ್ವಿಗ್ನ ಮನೋರೋಗಿಗಳು ಶಾಂತರಾದರು. ಆದರೆ ಬಿಪಿಗಾಗಿ ಇದನ್ನು ಸೇವಿಸಿದ ಕೆಲವರಲ್ಲಿ ಖಿನ್ನತೆ ಕಾಣಿಸಿಕೊಂಡ ವರದಿಗಳು ಬಂದವು. ಹೊಸ ಔಷಧಗಳು ಬಂದಂತೆ ಇದರ ಬಳಕೆ ಕುಗ್ಗಿತು. ಆದರೆ ಮನಸ್ಸಿಗೂ ಮೆದುಳಿನ ರಾಸಾಯನಿಕಗಳಿಗೂ ಇರುವ ನಂಟನ್ನು ಹುಡುಕಲು ಇದೇ ಔಷಧ ವಿಜ್ಞಾನಿಗಳಿಗೆ ದಾರಿಯಾಯಿತು.

ವಕೀಲ್‌ಗೆ 1957ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ, 1958ರಲ್ಲಿ ಪದ್ಮಭೂಷಣ ಬಂತು. 1974ರಲ್ಲಿ ಅವರು ನಿಧನರಾದರು.

ಸರ್ಪಗಂಧವನ್ನು ಕಂಡುಹಿಡಿದವರು ವಕೀಲ್ ಅಲ್ಲ. ಅಜ್ಜಿಮದ್ದೆಂದು ಅದನ್ನು ತಳ್ಳಿಹಾಕದೆ, ಕಣ್ಣುಮುಚ್ಚಿ ನಂಬದೆ, ಅಳೆದು ನೋಡಿದ್ದೇ ಅವರ ಹಿರಿಮೆ. ನಾಟಿ ಮದ್ದಿಗೂ ಅಡ್ಡಪರಿಣಾಮ ಉಂಟು ಎಂಬುದಕ್ಕೂ ಅದೇ ಬೇರು ಸಾಕ್ಷಿ. ಬಿಪಿ ಇರುವವರು ವೈದ್ಯರನ್ನು ಕೇಳದೆ ಅದನ್ನು ಸೇವಿಸಬಾರದು.