ವಿಲಿಯಂ ಕೇರಿ (1761–1834): ಕಡಲಾಚೆಯ ಸೇವೆಗೆ ಸಿದ್ಧತೆ ಮತ್ತು ಸಾಧನೆ

ಕನ್ನಡ ಭಾಷೆಯ ಅಧ್ಯಯನಕ್ಕೆ ಕಾಣಿಕೆ ನೀಡಿದ ವಿದೇಶೀಯರಲ್ಲಿ ವಿಲಿಯಂ ಕೇರಿಯವರು ಮೊದಲಿಗರ ಸಾಲಿನಲ್ಲಿ ಬರುತ್ತಾರೆ. 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾದ ಇವರ ಕನ್ನಡ ವ್ಯಾಕರಣವು ಇಂಗ್ಲಿಷ್ ಭಾಷೆಯ ಮೂಲಕ ಕನ್ನಡವನ್ನು ಕಲಿಯಬಯಸುವವರಿಗೆ ನೆರವಾಗುವ ಉದ್ದೇಶದಿಂದ ರಚಿತವಾದ ಆರಂಭಕಾಲದ ಕೃತಿ. ಕನ್ನಡ ನಾಡಿನಿಂದ ಬಹುದೂರವಿದ್ದ ಊರೊಂದರಲ್ಲಿ ಇಂತಹ ಕೃತಿ ಹೊರಬರುವುದಕ್ಕೆ ಇವರೊಬ್ಬರ ಪಾಂಡಿತ್ಯವಷ್ಟೇ ಕಾರಣವಲ್ಲ. ಹಲವರು ಕೂಡಿ ನಡೆಸಿದ ದೀರ್ಘಕಾಲದ ಸಿದ್ಧತೆ ಅದರ ಹಿಂದೆ ಇತ್ತು. ಆ ಸಿದ್ಧತೆಯ ವಿವರಗಳನ್ನೂ, ಅದರಲ್ಲಿ ಉಂಟಾದ ಕೊರತೆಗಳನ್ನೂ ಈ ಲೇಖನದಲ್ಲಿ ನೀಡಲಾಗಿದೆ.

ಜನನ ಮತ್ತು ಆರಂಭಿಕ ಜೀವನ

ಕೇರಿಯವರು 1761ನೇ ಆಗಸ್ಟ್ 17ರಂದು ಇಂಗ್ಲೆಂಡಿನ ನಾರ್ಥಾಂಪ್ಟನ್‌ಷೈರ್ ಪ್ರಾಂತ್ಯದ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಎಡ್ಮಂಡ್ ಕೇರಿ ನೇಕಾರರಾಗಿದ್ದು, ಮುಂದೆ ಊರಿನ ಶಾಲೆಯ ಉಪಾಧ್ಯಾಯರಾದರು. ಬಡತನದ ಕಾರಣ ಕೇರಿಯವರು ಚಿಕ್ಕ ವಯಸ್ಸಿನಲ್ಲಿಯೇ ಪಾದರಕ್ಷೆ ಹೊಲಿಯುವ ಕಸುಬನ್ನು ಕಲಿಯಬೇಕಾಯಿತು. 1781ರಲ್ಲಿ ಡೊರೊಥಿ ಪ್ಲ್ಯಾಕೆಟ್ ಎಂಬುವರನ್ನು ವಿವಾಹವಾದರು. ವಿವಾಹದ ದಾಖಲೆಯಲ್ಲಿ ತಮ್ಮ ಹೆಸರನ್ನು ಬರೆಯುವಷ್ಟು ಅಕ್ಷರಜ್ಞಾನವೂ ಆಕೆಗೆ ಇರಲಿಲ್ಲ.

1785ರ ಸುಮಾರಿಗೆ ಕೇರಿಯವರು ಮೌಲ್ಟನ್ ಎಂಬ ಊರಿಗೆ ಬಂದು ಶಾಲೆಯಲ್ಲಿ ಪಾಠ ಹೇಳುತ್ತಾ, ಬ್ಯಾಪ್ಟಿಸ್ಟ್ ಸಭೆಯ ಪಾಲಕರಾಗಿ ಕೆಲಸ ಮಾಡಿದರು. ಆದಾಯ ಸಾಲದೆ ಚಪ್ಪಲಿ ಹೊಲಿಯುವುದನ್ನೂ ಮುಂದುವರಿಸಿದರು. ಇದೇ ಅವಧಿಯಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ, ಡಚ್ ಮತ್ತು ಫ್ರೆಂಚ್ ಭಾಷೆಗಳನ್ನು ಬಹುಮಟ್ಟಿಗೆ ಸ್ವಂತ ಪರಿಶ್ರಮದಿಂದ ಅಭ್ಯಾಸ ಮಾಡಿದರು. ನಾವಿಕ ಕ್ಯಾಪ್ಟನ್ ಕುಕ್ ಅವರ ಪ್ರವಾಸ ವೃತ್ತಾಂತಗಳನ್ನು ಓದಿದ ಇವರಿಗೆ ದೂರದೇಶಗಳ ಜನಜೀವನದ ಬಗ್ಗೆ ಅಪಾರ ಆಸಕ್ತಿ ಮೂಡಿತು. ಚರ್ಮದ ತುಂಡುಗಳಿಂದ ಭೂಗೋಳವೊಂದನ್ನು ತಾವೇ ತಯಾರಿಸಿ, ಮಕ್ಕಳಿಗೆ ಪಾಠ ಹೇಳಲು ಬಳಸುತ್ತಿದ್ದರೆಂಬುದು ಗಮನಾರ್ಹ ಸಂಗತಿ.

ಸಂಘದ ಸ್ಥಾಪನೆ

1792ರಲ್ಲಿ ಕೇರಿಯವರು ಕ್ರೈಸ್ತ ಧರ್ಮಪ್ರಸಾರದ ಕರ್ತವ್ಯವನ್ನು ಕುರಿತು ಪುಸ್ತಕವೊಂದನ್ನು ಪ್ರಕಟಿಸಿದರು. ಪ್ರಪಂಚದ ದೇಶಗಳ ವಿಸ್ತೀರ್ಣ, ಜನಸಂಖ್ಯೆ ಮತ್ತು ಮತಧರ್ಮಗಳ ವಿವರಗಳನ್ನು ಕೋಷ್ಟಕಗಳ ರೂಪದಲ್ಲಿ ಒದಗಿಸಿರುವುದು ಇದರ ವೈಶಿಷ್ಟ್ಯ. ದೂರ, ಭಾಷೆ, ಆಹಾರ, ಪ್ರಾಣಾಪಾಯ ಇತ್ಯಾದಿ ಅಡಚಣೆಗಳನ್ನು ಒಂದೊಂದಾಗಿ ಎತ್ತಿಕೊಂಡು ಪರಿಹಾರ ಸೂಚಿಸಲಾಗಿದೆ. ಕನಿಷ್ಠ ಇಬ್ಬರಾದರೂ ಒಟ್ಟಿಗೆ ಹೋಗಬೇಕು, ಅವರು ವಿವಾಹಿತರಾಗಿದ್ದರೆ ಒಳಿತು, ಬೇಸಾಯ ಬಲ್ಲ ಕೆಲವರು ಜೊತೆಯಲ್ಲಿರಬೇಕು ಎಂಬ ಸಲಹೆಗಳೂ ಇದರಲ್ಲಿವೆ.

1792ನೇ ಅಕ್ಟೋಬರ್ 2ರಂದು ಕೆಟರಿಂಗ್ ಪಟ್ಟಣದ ಮನೆಯೊಂದರಲ್ಲಿ ಸೇರಿದ ಸಭೆಯಲ್ಲಿ ಬ್ಯಾಪ್ಟಿಸ್ಟ್ ಮಿಷನರಿ ಸಂಘವು ಅಸ್ತಿತ್ವಕ್ಕೆ ಬಂದಿತು. ಆಂಡ್ರ್ಯೂ ಫುಲ್ಲರ್ ಅವರು ಕಾರ್ಯದರ್ಶಿಯಾದರು. ಅಂದು ಬರೆದುಕೊಟ್ಟ ವಂತಿಗೆಯ ಒಟ್ಟು ಮೊತ್ತ 13 ಪೌಂಡು 2 ಷಿಲಿಂಗ್ 6 ಪೆನ್ಸ್ ಮಾತ್ರ. ವಂತಿಗೆಯ ಚೀಟಿಗಳನ್ನು ಫುಲ್ಲರ್ ಅವರ ನಶ್ಯದ ಡಬ್ಬಿಯಲ್ಲಿ ಸಂಗ್ರಹಿಸಲಾಯಿತೆಂದು ಪ್ರತೀತಿ. ಕೊಡಲು ಕೈಯಲ್ಲಿ ಹಣವಿಲ್ಲದ ಕೇರಿಯವರು ತಮ್ಮ ಪುಸ್ತಕದಿಂದ ಬರಬಹುದಾದ ಲಾಭವನ್ನು ನೀಡಲು ಒಪ್ಪಿದರು. ವಿದೇಶಕ್ಕೆ ಹೋಗುವವರು ಹೋಗುವುದು, ಸ್ವದೇಶದಲ್ಲಿ ಉಳಿಯುವವರು ಊರೂರು ತಿರುಗಿ ಹಣ ಕೂಡಿಸಿ ಅವರನ್ನು ಕೈಬಿಡದೆ ನೋಡಿಕೊಳ್ಳುವುದು, ಹೀಗೆ ಕೆಲಸದ ಹಂಚಿಕೆಯಾಯಿತು. ಫುಲ್ಲರ್ ಅವರು 1815ರಲ್ಲಿ ನಿಧನ ಹೊಂದುವವರೆಗೂ ಈ ಹೊಣೆಯನ್ನು ಹೊತ್ತರು.

ಪ್ರಯಾಣದ ಸಿದ್ಧತೆ ಮತ್ತು ಅಡಚಣೆಗಳು

ಬಂಗಾಳದಲ್ಲಿ ಕೆಲಕಾಲ ಇದ್ದು ಹಿಂದಿರುಗಿದ್ದ ವೈದ್ಯ ಜಾನ್ ಥಾಮಸ್ ಅವರು ಸಂಘದ ಸಂಪರ್ಕಕ್ಕೆ ಬಂದ ಮೇಲೆ ಭಾರತಕ್ಕೆ ಹೋಗುವುದೆಂದು 1793ನೇ ಜನವರಿಯಲ್ಲಿ ತೀರ್ಮಾನವಾಯಿತು. ಥಾಮಸ್ ಅವರ ಜೊತೆಗೆ ಹೋಗಲು ಕೇರಿಯವರು ಮುಂದೆ ಬಂದರು. ಆದರೆ ಈ ತೀರ್ಮಾನಕ್ಕೆ ಮುನ್ನ ಮನೆಯವರ ಒಪ್ಪಿಗೆ ದೊರೆತಿರಲಿಲ್ಲ. ತುಂಬು ಗರ್ಭಿಣಿಯಾಗಿದ್ದ ಡೊರೊಥಿಯವರು ಪುಟ್ಟ ಮಕ್ಕಳೊಡನೆ ಸಮುದ್ರಯಾನ ಕೈಗೊಳ್ಳಲು ಒಪ್ಪಲಿಲ್ಲ. ಹಿರಿಯ ಮಗ ಫೆಲಿಕ್ಸ್‌ನನ್ನು ಮಾತ್ರ ಕರೆದುಕೊಂಡು ಹೊರಡುವುದೆಂದು ಕೇರಿಯವರು ನಿರ್ಧರಿಸಿದರು.

ಆ ಕಾಲದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾನಗಿ ಇಲ್ಲದೆ ಕಂಪನಿಯ ಪ್ರದೇಶದಲ್ಲಿ ನೆಲೆಸುವಂತಿರಲಿಲ್ಲ. ಧರ್ಮಪ್ರಚಾರಕರಿಗೆ ಪರವಾನಗಿ ದೊರೆಯುವ ಸಂಭವವೂ ಇರಲಿಲ್ಲ. ಥಾಮಸ್ ಅವರ ಪರಿಚಯದ ಕ್ಯಾಪ್ಟನ್ ಒಬ್ಬರ ನೆರವಿನಿಂದ ಆಕ್ಸ್‌ಫರ್ಡ್ ಎಂಬ ಹಡಗಿನಲ್ಲಿ ಸ್ಥಳ ದೊರೆಯಿತು. ಫ್ರಾನ್ಸಿನೊಡನೆ ಯುದ್ಧ ಆರಂಭವಾಗಿದ್ದುದರಿಂದ ಬೆಂಗಾವಲು ನೌಕೆಗಳಿಗಾಗಿ ಹಡಗು ವಾರಗಟ್ಟಲೆ ಕಾಯಬೇಕಾಯಿತು. ಅಷ್ಟರಲ್ಲಿ, ಪರವಾನಗಿ ಇಲ್ಲದವರನ್ನು ಹಡಗಿಗೆ ಹತ್ತಿಸಿಕೊಂಡಿರುವ ಬಗ್ಗೆ ಕ್ಯಾಪ್ಟನ್ನರಿಗೆ ಎಚ್ಚರಿಕೆಯ ಪತ್ರ ಬಂದು, ಪ್ರಯಾಣಿಕರು ಇಳಿಯಬೇಕಾಯಿತು. ಥಾಮಸ್ ಅವರಿಗೆ ಹಳೆಯ ಸಾಲಗಳಿದ್ದು, ಸಾಲಗಾರರು ಅವರನ್ನು ಹುಡುಕುತ್ತಿದ್ದರೆಂಬುದು ಸಂಘಕ್ಕೆ ತಡವಾಗಿ ತಿಳಿದುಬಂದಿತು.

ಈ ಅಡ್ಡಿಯಿಂದ ಅನಿರೀಕ್ಷಿತವಾಗಿ ಇನ್ನೊಂದು ಅವಕಾಶ ಒದಗಿತು. ಕಂಪನಿಗೆ ಸೇರದ ಡೆನ್ಮಾರ್ಕಿನ ಹಡಗೊಂದು ಭಾರತಕ್ಕೆ ಹೊರಡಲಿತ್ತು. ಕೇರಿ ಮತ್ತು ಥಾಮಸ್ ಇಬ್ಬರೂ ಊರಿಗೆ ಧಾವಿಸಿದರು. ಆ ವೇಳೆಗೆ ಹೆರಿಗೆಯಾಗಿ ಕೆಲವೇ ವಾರಗಳಾಗಿದ್ದ ಡೊರೊಥಿಯವರು, ತಂಗಿ ಕ್ಯಾಥರೀನ್ ಜೊತೆಗೆ ಬರುವುದಾದರೆ ತಾವೂ ಬರುವುದಾಗಿ ಒಪ್ಪಿದರು. ತಂಗಿಯೂ ಒಪ್ಪಿದಳು. ಮನೆಯ ಸಾಮಾನುಗಳನ್ನು ವಿಲೇವಾರಿ ಮಾಡಿ, ಹೆಚ್ಚುವರಿ ಪ್ರಯಾಣ ದರಕ್ಕೆ ಹಣ ಹೊಂದಿಸಿ, ಎಳೆಗೂಸು ಸೇರಿದಂತೆ ನಾಲ್ವರು ಗಂಡುಮಕ್ಕಳೊಡನೆ ಕೇರಿ ಕುಟುಂಬವು 1793ನೇ ಜೂನ್ 13ರಂದು ಡೋವರ್‌ನಿಂದ ಪ್ರಯಾಣ ಬೆಳೆಸಿತು. ಐದು ತಿಂಗಳ ಯಾನದಲ್ಲಿ ಕೇರಿಯವರು ಥಾಮಸ್ ಅವರಿಂದ ಬಂಗಾಳಿ ಭಾಷೆಯನ್ನು ಕಲಿಯತೊಡಗಿದರು. ನವೆಂಬರ್ 11ರಂದು ಕಲ್ಕತ್ತಾ ತಲುಪಿದರು.

ಮೊದಲ ವರ್ಷಗಳ ಸಂಕಷ್ಟ

ಆರಂಭಿಕ ವೆಚ್ಚಕ್ಕೆಂದು ನಗದಿನ ಬದಲು ಮಾರಾಟದ ಸರಕುಗಳನ್ನು ತರಲಾಗಿತ್ತು. ಹಣದ ವ್ಯವಹಾರವು ಥಾಮಸ್ ಅವರ ಕೈಯಲ್ಲಿದ್ದು, ಕೆಲವೇ ವಾರಗಳಲ್ಲಿ ಎಲ್ಲವೂ ಬರಿದಾಯಿತು. ಇಂಗ್ಲೆಂಡಿಗೆ ಪತ್ರ ತಲುಪಿ ಉತ್ತರ ಬರಲು ಒಂದು ವರ್ಷವೇ ಬೇಕಾಗಿದ್ದ ಕಾಲವದು. ಆಶ್ರಯಕ್ಕಾಗಿ ಊರಿಂದ ಊರಿಗೆ ಅಲೆದು, ಸುಂದರಬನದ ಅಂಚಿನಲ್ಲಿಯೂ ಕೆಲಕಾಲ ವಾಸಿಸಬೇಕಾಯಿತು. 1794ರಲ್ಲಿ ಉತ್ತರ ಬಂಗಾಳದ ಮದನಾಬತಿ ಎಂಬಲ್ಲಿ ನೀಲಿ ತಯಾರಿಕಾ ಕಾರ್ಖಾನೆಯ ಮೇಲ್ವಿಚಾರಕರ ಕೆಲಸ ದೊರೆತು ಜೀವನಕ್ಕೆ ಒಂದು ನೆಲೆಯಾಯಿತು.

ಅದೇ ವರ್ಷ ಐದು ವರ್ಷದ ಮಗ ಪೀಟರ್ ರೋಗಕ್ಕೆ ತುತ್ತಾದನು. ಈ ಆಘಾತದಿಂದ ಡೊರೊಥಿಯವರ ಮಾನಸಿಕ ಸ್ವಾಸ್ಥ್ಯ ಕೆಟ್ಟಿತು. 1807ನೇ ಡಿಸೆಂಬರ್‌ನಲ್ಲಿ ಮರಣ ಹೊಂದುವವರೆಗೆ ಅವರು ಗುಣಮುಖರಾಗಲಿಲ್ಲ. ಪ್ರಪಂಚದ ದೇಶಗಳನ್ನೆಲ್ಲ ಕೋಷ್ಟಕದಲ್ಲಿ ಲೆಕ್ಕ ಹಾಕಿದ್ದ ಯೋಜನೆಯಲ್ಲಿ ಈ ತಾಯಿಯ ಮನಸ್ಸಿನ ಲೆಕ್ಕ ಸೇರಿರಲಿಲ್ಲ ಎಂಬುದು ವಿಷಾದದ ಸಂಗತಿ. ಕೇರಿಯವರ ಸಾಧನೆಯನ್ನು ಕುರಿತು ಬರೆಯುವಾಗ ಡೊರೊಥಿಯವರು ತೆತ್ತ ಬೆಲೆಯನ್ನೂ ದಾಖಲಿಸುವುದು ನ್ಯಾಯ.

ಶ್ರೀರಾಮಪುರದ ತಂಡ

1799ನೇ ಅಕ್ಟೋಬರ್ 13ರಂದು ಎರಡನೆಯ ತಂಡವು ಅಮೆರಿಕದ ಹಡಗೊಂದರಲ್ಲಿ ಬಂದು, ಕಂಪನಿಯ ಆಡಳಿತಕ್ಕೆ ಒಳಪಡದ ಡ್ಯಾನಿಷ್ ವಸಾಹತಾದ ಶ್ರೀರಾಮಪುರದಲ್ಲಿ ಇಳಿಯಿತು. ಶಿಕ್ಷಕ ಜೋಷುವ ಮಾರ್ಷ್‌ಮನ್, ಅವರ ಪತ್ನಿ ಹನ್ನಾ ಹಾಗೂ ಮುದ್ರಣಕಾರ ವಿಲಿಯಂ ವಾರ್ಡ್ ಇವರಲ್ಲಿ ಪ್ರಮುಖರು. ಕೇರಿಯವರು ಇಂಗ್ಲೆಂಡ್ ಬಿಡುವ ಮುನ್ನವೇ ವಾರ್ಡ್ ಅವರನ್ನು ಭೇಟಿಯಾಗಿ, ಮುಂದೆ ಮುದ್ರಣಕಾರರ ಅಗತ್ಯ ಬೀಳುವುದೆಂದು ತಿಳಿಸಿದ್ದರು. ಈ ತಂಡಕ್ಕೂ ಸಾವು ತಪ್ಪಲಿಲ್ಲ. ವಿಲಿಯಂ ಗ್ರಾಂಟ್ ಎಂಬುವರು ಬಂದಿಳಿದ ಮೂರು ವಾರಗಳ ಒಳಗೆ ತೀರಿಕೊಂಡರು.

1800ನೇ ಜನವರಿಯಲ್ಲಿ ಕೇರಿಯವರು ಶ್ರೀರಾಮಪುರಕ್ಕೆ ಬಂದು ನೆಲೆಸಿದರು. ಹಿಂದಿನ ಅನುಭವದಿಂದ ಪಾಠ ಕಲಿತಿದ್ದ ಕಾರಣ ಈ ಬಾರಿ ವ್ಯವಸ್ಥೆಯು ಬೇರೆಯಾಗಿತ್ತು. ಎಲ್ಲರೂ ಒಂದೇ ಆವರಣದಲ್ಲಿ ವಾಸ, ಒಂದೇ ಪಂಕ್ತಿಯಲ್ಲಿ ಊಟ, ಒಂದೇ ಹಣದ ಪೆಟ್ಟಿಗೆ. ಯಾರೂ ಸ್ವಂತಕ್ಕೆಂದು ವ್ಯಾಪಾರ ಮಾಡತಕ್ಕದ್ದಲ್ಲ. ಮಾರ್ಷ್‌ಮನ್ ದಂಪತಿಗಳ ವಸತಿ ಶಾಲೆಗಳ ಆದಾಯ, ವಾರ್ಡ್ ಅವರ ಮುದ್ರಣಾಲಯದ ಆದಾಯ ಹಾಗೂ 1801ರಲ್ಲಿ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬೋಧಕರಾದ ಕೇರಿಯವರ ತಿಂಗಳಿಗೆ 500 ರೂಪಾಯಿಗಳ ಸಂಬಳ, ಎಲ್ಲವೂ ಸಾಮಾನ್ಯ ನಿಧಿಗೆ ಜಮೆಯಾಗುತ್ತಿದ್ದವು. ಮನೆಯ ಖರ್ಚಿಗೆ ಅಲ್ಪ ಮೊತ್ತವನ್ನು ಮಾತ್ರ ಪಡೆಯುತ್ತಿದ್ದರು. 1805ರಲ್ಲಿ ತಮ್ಮ ನಡಾವಳಿಯ ನಿಯಮಗಳನ್ನು ಲಿಖಿತ ಒಪ್ಪಂದವಾಗಿ ಸಿದ್ಧಪಡಿಸಿ, ವರ್ಷಕ್ಕೆ ಮೂರು ಬಾರಿ ಅದನ್ನು ಓದಬೇಕೆಂದು ಗೊತ್ತುಮಾಡಿಕೊಂಡರು.

ಸ್ಥಳೀಯ ಕುಶಲಕರ್ಮಿಗಳು ಮತ್ತು ಪಂಡಿತರು ಈ ಕಾರ್ಯದ ಬೆನ್ನೆಲುಬಾಗಿದ್ದರು. ಅಚ್ಚುಮೊಳೆಗಳನ್ನು ಕೊರೆಯುವುದರಲ್ಲಿ ನಿಪುಣರಾದ ಪಂಚಾನನ ಕರ್ಮಕಾರ ಮತ್ತು ಅವರ ಅಳಿಯ ಮನೋಹರ ಅವರ ಹೆಸರುಗಳು ವಿಶೇಷವಾಗಿ ಉಲ್ಲೇಖನೀಯ. 1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆ ಪ್ರಕಟವಾಯಿತು. ಬಳಿಕ ಭಾರತದ ಹಲವು ಭಾಷೆಗಳಲ್ಲಿ ಅನುವಾದ, ವ್ಯಾಕರಣ ಮತ್ತು ನಿಘಂಟುಗಳ ಕಾರ್ಯ ನಡೆಯಿತು.

1812ನೇ ಮಾರ್ಚ್ 11ರಂದು ಮುದ್ರಣಾಲಯಕ್ಕೆ ಬೆಂಕಿ ಬಿದ್ದು, ಕಾಗದ, ಅಚ್ಚುಮೊಳೆಗಳು ಹಾಗೂ ವರ್ಷಗಳ ಶ್ರಮದ ಹಸ್ತಪ್ರತಿಗಳು ಸುಟ್ಟುಹೋದವು. ಕರಗಿದ ಲೋಹವನ್ನೇ ಆಯ್ದು ಹೊಸ ಮೊಳೆಗಳನ್ನು ಎರಕ ಹೊಯ್ಯಲಾಯಿತು. ಸುದ್ದಿ ತಲುಪಿದ ಅಲ್ಪಕಾಲದಲ್ಲಿಯೇ ಇಂಗ್ಲೆಂಡಿನಲ್ಲಿ ಸುಮಾರು 10,000 ಪೌಂಡು ಸಂಗ್ರಹವಾಯಿತು. ಇಪ್ಪತ್ತು ವರ್ಷಗಳ ಹಿಂದೆ ಇದೇ ಸಂಘದ ಮೊದಲ ವಂತಿಗೆ 13 ಪೌಂಡು ಚಿಲ್ಲರೆ ಮಾತ್ರ ಇದ್ದಿತು. ಬೆಂಕಿಯ ನಂತರದ ಐದು ವರ್ಷಗಳಲ್ಲಿ ಕನ್ನಡ ವ್ಯಾಕರಣವೂ ಹೊರಬಂದಿತು.

ಇತರ ಸೇವೆಗಳು ಮತ್ತು ಕೊನೆಯ ದಿನಗಳು

1818ರಲ್ಲಿ ಶ್ರೀರಾಮಪುರ ಕಾಲೇಜು ಸ್ಥಾಪನೆಯಾಯಿತು. ಅದೇ ವರ್ಷ ಬಂಗಾಳಿ ಪತ್ರಿಕೆ ಸಮಾಚಾರ ದರ್ಪಣ ಆರಂಭವಾಯಿತು. ಸಸ್ಯಶಾಸ್ತ್ರದಲ್ಲಿಯೂ ಆಸಕ್ತರಾಗಿದ್ದ ಕೇರಿಯವರು 1820ರಲ್ಲಿ ಭಾರತದ ಕೃಷಿ ಮತ್ತು ತೋಟಗಾರಿಕಾ ಸಂಘದ ಸ್ಥಾಪನೆಗೆ ಕಾರಣರಾದರು. ಸತಿ ಪದ್ಧತಿಯ ವಿರುದ್ಧ ದೀರ್ಘಕಾಲ ದನಿಯೆತ್ತಿದ ಇವರಿಗೆ 1829ರ ನಿಷೇಧ ಶಾಸನವನ್ನು ಬಂಗಾಳಿಗೆ ಅನುವಾದಿಸುವ ಕಾರ್ಯವೂ ಒದಗಿಬಂದಿತು.

ಕೊನೆಯ ವರ್ಷಗಳು ಸುಗಮವಾಗಿರಲಿಲ್ಲ. ಫುಲ್ಲರ್ ಅವರ ನಿಧನದ ನಂತರ ಆಸ್ತಿಯ ಒಡೆತನ ಮತ್ತು ಆಡಳಿತದ ವಿಷಯದಲ್ಲಿ ಇಂಗ್ಲೆಂಡಿನ ಸಂಘಕ್ಕೂ ಶ್ರೀರಾಮಪುರದವರಿಗೂ ಭಿನ್ನಾಭಿಪ್ರಾಯ ಬೆಳೆದು, 1827ರಲ್ಲಿ ಸಂಬಂಧ ಕಡಿಯಿತು. ಪರಸ್ಪರ ಮುಖ ಬಲ್ಲವರು ಇದ್ದಷ್ಟು ಕಾಲ ಉಳಿದ ವಿಶ್ವಾಸವು ಅವರ ತರುವಾಯ ಉಳಿಯಲಿಲ್ಲ.

ಕೇರಿಯವರು 1834ನೇ ಜೂನ್ 9ರಂದು ಶ್ರೀರಾಮಪುರದಲ್ಲಿ ನಿಧನ ಹೊಂದಿದರು. ನಲವತ್ತು ವರ್ಷಗಳಿಗೂ ಮಿಕ್ಕಿದ ಅವಧಿಯಲ್ಲಿ ಅವರು ಒಮ್ಮೆಯೂ ಸ್ವದೇಶಕ್ಕೆ ಹಿಂದಿರುಗಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಮುಂದೆ ಮೊಗ್ಲಿಂಗ್, ಕಿಟೆಲ್ ಮೊದಲಾದವರ ಮೂಲಕ ಕನ್ನಡ ಪತ್ರಿಕೆ, ಮುದ್ರಣ ಮತ್ತು ನಿಘಂಟಿನ ಕಾರ್ಯವು ಕನ್ನಡ ನೆಲದಲ್ಲಿಯೇ ಬೆಳೆಯಿತು. ಆ ಪರಂಪರೆಯನ್ನು ನೆನೆಯುವಾಗ ಅದಕ್ಕೂ ಮುನ್ನ ದೂರದ ಶ್ರೀರಾಮಪುರದಲ್ಲಿ ಕನ್ನಡ ವ್ಯಾಕರಣವನ್ನು ಬರೆದ ಕೇರಿಯವರ ಪರಿಶ್ರಮವೂ, ಅವರೊಡನೆ ದುಡಿದವರ ಹಾಗೂ ನೋವುಂಡವರ ಬದುಕೂ ಸ್ಮರಣೀಯವಾಗಿವೆ.